ಒಂದೇ ರೂಪ, ಬೇರೆ ಅಕ್ಷರ

ಗೋಣಿಬೀಡು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಮನೆಮಾತು ಬ್ಯಾರಿಯಿರಲಿ, ಉರ್ದುವಿರಲಿ, ನಮ್ಮ ಮಕ್ಕಳು ಶಾಲೆಯಲ್ಲಿ ಎಡದಿಂದ ಬಲಕ್ಕೆ, ಮದ್ರಸದಲ್ಲಿ ಬಲದಿಂದ ಎಡಕ್ಕೆ ಅಕ್ಷರ ತಿದ್ದುತ್ತಾರೆ. ಮಕ್ಕಳು ಸಲೀಸಾಗಿ ಕಲಿಯುವ ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ದಶಕಗಳೇ ಬೇಕಾದವು.

ಅರಬಿಯ 28 ಅಕ್ಷರಗಳಲ್ಲಿ ಹೆಚ್ಚಿನವು ಪದದ ಮೊದಲು, ನಡು, ಕೊನೆಯಲ್ಲಿ ಹಾಗೂ ಒಂಟಿಯಾಗಿದ್ದಾಗ ಬೇರೆ ಬೇರೆ ರೂಪ ತಾಳುತ್ತವೆ. ಉರ್ದುವಿನ ನಸ್ತಾಲೀಕ್ ಶೈಲಿ ಇನ್ನೂ ಕಠಿಣ. ಅಲ್ಲಿ ಅಕ್ಷರಗಳು ಓರೆಯಾಗಿ ಇಳಿಯುತ್ತವೆ. ಅದಕ್ಕಾಗಿಯೇ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹವನ್ನೇ ನಂಬಿದ್ದವು. 1981ರಲ್ಲಿ ಪಾಕಿಸ್ತಾನದ ಅಹ್ಮದ್ ಮಿರ್ಝಾ ಜಮೀಲ್ ಮಾನೋಟೈಪ್ ಕಂಪೆನಿಯೊಂದಿಗೆ ರೂಪಿಸಿದ ನೂರಿ ನಸ್ತಾಲೀಕ್‌ಗೆ ಸಾವಿರಾರು ಜೋಡಣೆಗಳನ್ನು ಕೈಯಲ್ಲೇ ಬರೆಯಬೇಕಾಯಿತು. 1991ರ ಯುನಿಕೋಡ್ ಬೇರೆ ದಾರಿ ಹಿಡಿಯಿತು: ಕಡತದಲ್ಲಿ ಅಕ್ಷರದ ಸಂಖ್ಯೆ ಮಾತ್ರ ಇರಲಿ, ರೂಪವನ್ನು ಫಾಂಟ್ ನೋಡಿಕೊಳ್ಳಲಿ. ನಮ್ಮ ಒತ್ತಕ್ಷರಗಳೂ ಈಗ ಹೀಗೆಯೇ ಮೂಡುತ್ತವೆ. (ಕನ್ನಡ ತಂತ್ರಾಂಶಕ್ಕಾಗಿ ಮೂಡಿಗೆರೆಯ ತೇಜಸ್ವಿ ಹಟ ಹಿಡಿದದ್ದು ಸುಮ್ಮನೆ ಅಲ್ಲ.)

ಆದರೆ ಕಣ್ಣು ನೋಡುವುದು ರೂಪವನ್ನು, ಯಂತ್ರ ಓದುವುದು ಸಂಖ್ಯೆಯನ್ನು. ಮೋಸಗಾರರು ನುಸುಳಿದ್ದು ಈ ಸಂದಿನಲ್ಲೇ. ಅರಬಿಯ 'ಯಾ' ಮತ್ತು ಉರ್ದು-ಫಾರ್ಸಿಯ 'ಯೇ' ಯುನಿಕೋಡ್‌ನಲ್ಲಿ ಎರಡು ಅಕ್ಷರಗಳು. ಒಂಟಿಯಾಗಿದ್ದರೆ ಚುಕ್ಕಿಗಳಿಂದ ಗುರುತಿಸಬಹುದು. ಪದದ ನಡುವೆ ಎರಡೂ ಒಂದೇ. 'ಬ್ಯಾಂಕ್' ಎಂಬುದನ್ನು ಉರ್ದುವಿನಲ್ಲಿ ಬರೆಯುವಾಗ ಆ ಅಕ್ಷರ ಬರುವುದು ನಡುವೆಯೇ! ಅದನ್ನು ಬದಲಿಸಿದರೆ ಓದುಗನಿಗೆ ಅದೇ ಬ್ಯಾಂಕ್, ಯಂತ್ರಕ್ಕೆ ಬೇರೆಯೇ ವಿಳಾಸ. ಇಂಥ ವಂಚನೆಯ ಸಾಧ್ಯತೆಯನ್ನು 2002ರಲ್ಲೇ ಇಬ್ಬರು ಸಂಶೋಧಕರು ರಷ್ಯನ್ ಅಕ್ಷರಗಳನ್ನು ಬೆರೆಸಿದ ಮೈಕ್ರೋಸಾಫ್ಟ್ ವಿಳಾಸದಿಂದ ತೋರಿಸಿದ್ದರು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಯುಎಇಗಳ ಅರಬಿ ವಿಳಾಸಗಳು ಜಾರಿಗೆ ಬಂದಾಗ ಎಚ್ಚರ ಇನ್ನಷ್ಟು ಅಗತ್ಯವಾಯಿತು.

ಇನ್ನೊಂದು ತಂತ್ರ ಮತ್ತೂ ಕುಟಿಲ. ಬಲದಿಂದ ಎಡಕ್ಕೆ ಸಾಗುವ ಸಾಲಿನಲ್ಲೂ ಅಂಕಿಗಳು ಎಡದಿಂದ ಬಲಕ್ಕೇ ಸಾಗುತ್ತವೆ. ಇಂಥ ಬೆರಕೆ ಸಾಲುಗಳನ್ನು ನಿಭಾಯಿಸಲು ಕಣ್ಣಿಗೆ ಕಾಣದ ದಿಕ್ಕುಸಂಜ್ಞೆಗಳಿವೆ. ಅಂಥದ್ದೊಂದನ್ನು ಕಡತದ ಹೆಸರಿನೊಳಗೆ ಸೇರಿಸಿದರೆ ಮುಂದಿನ ಅಕ್ಷರಗಳು ಹಿಂದುಮುಂದಾಗಿ, ಅಪಾಯಕಾರಿ ಪ್ರೋಗ್ರಾಮ್ ಮದುವೆಯ ಫೋಟೋದಂತೆ ತೋರುತ್ತದೆ. ಓದುವವರ ಅನುಕೂಲಕ್ಕೆ ಮಾಡಿದ್ದೇ ಕಳ್ಳನ ಕೈಗೆ ಸಿಕ್ಕಿತು.

ಇದು ಅರಬಿ ಲಿಪಿಯ ದೋಷವೆಂದು ಯಾರಾದರೂ ಮೂಗು ಮುರಿದರೆ ಕನ್ನಡದತ್ತ ನೋಡಲಿ. ಕನ್ನಡದ ಸೊನ್ನೆ, ತೆಲುಗಿನ ಸೊನ್ನೆ, ಇಂಗ್ಲಿಷಿನ 'ಓ' ಮೂರೂ ಪರದೆಯ ಮೇಲೆ ಒಂದೇ ದುಂಡು. ಕನ್ನಡದ 'ಠ'ಕಾರಕ್ಕೂ ತೆಲುಗಿನದಕ್ಕೂ ವ್ಯತ್ಯಾಸ ಹುಡುಕಲು ಕನ್ನಡಕವೇ ಬೇಕು.