ಹೇರೆತ್ತು, ಗಾಡಿ, ಲಾರಿ: ನಮ್ಮ ಕಡೆಯವರು ಮನೆ ಬದಲಿಸಿದ ಕಥೆ

ಒಂದೂವರೆ ತಿಂಗಳಾಯ್ತು ಇಲ್ಲಿ ಏನೂ ಬರೆಯದೆ. "ಎಲ್ಲಿ ಮಾಯವಾದ್ರಿ?" ಅಂತ ಇಬ್ಬರು ಮೂವರು ಗೆಳೆಯರು ಕೇಳಿದ್ದರು. ಎಲ್ಲೂ ಹೋಗಿರಲಿಲ್ಲ ಸ್ವಾಮಿ, ರಟ್ಟಿನ ಡಬ್ಬಗಳ ನಡುವೆ ಇದ್ದೆ! ಅಪ್ಪ ಅವ್ವನನ್ನು ನ್ಯಾಮತಿಯ ಬಾಡಿಗೆ ಮನೆಯಿಂದ ದಾವಣಗೆರೆಗೆ ಕರೆತರುವ ಕೆಲಸ ನನ್ನ ತಲೆಗೆ ಬಿದ್ದಿತ್ತು.

ದೂರ ಹೆಚ್ಚೇನಿಲ್ಲ. ಆದರೆ ಯಾವ ಗಾಡಿ ಮಾಡಬೇಕು ಅನ್ನುವುದೇ ಒಂದು ವಾರದ ಚರ್ಚೆಯಾಯಿತು. ಟಾಟಾ ಏಸ್ ಎರಡು ಟ್ರಿಪ್ಪೋ, ಫೋರ್ ನಾಟ್ ಸೆವೆನ್ ಒಂದೇ ಟ್ರಿಪ್ಪೋ, ಇಲ್ಲಾ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ವಹಿಸಿ ಕೈ ತೊಳೆದುಕೊಳ್ಳುವುದೋ. ಅಂಥ ಒಂದು ಕಂಪನಿಯವನು ಫೋನಿನಲ್ಲಿ ಒಂದು ರೇಟು ಹೇಳಿ, ಮನೆಗೆ ಬಂದು ಅವ್ವನ ಒರಳುಕಲ್ಲು ನೋಡಿದ ಮೇಲೆ ದುಪ್ಪಟ್ಟು ಹೇಳಿದ. ಅಲ್ಲಿಗೆ ಅದು ಮುಗಿಯಿತು.

ಅಪ್ಪ ಮಾತ್ರ ಇದನ್ನೆಲ್ಲಾ ನೋಡಿ ನಗುತ್ತಿದ್ದರು. ಅವರದ್ದು ಸರ್ಕಾರಿ ಕಚೇರಿಯ ಗುಮಾಸ್ತಿಕೆ. ಚನ್ನಗಿರಿ, ಜಗಳೂರು, ಹೊನ್ನಾಳಿ, ಕೊನೆಗೆ ನ್ಯಾಮತಿ, ಹೀಗೆ ವರ್ಗವಾದಲ್ಲೆಲ್ಲಾ ಮನೆ ಎತ್ತಿಕೊಂಡು ತಿರುಗಿದವರು. "ಚನ್ನಗಿರಿಯಿಂದ ಜಗಳೂರಿಗೆ ಹೋದಾಗ ನಾವು ಲಾರಿ ಮಾಡಿದ್ದೇ ಅಲ್ಲ. ಆ ಕಡೆಯಿಂದ ಶೇಂಗಾ ತಂದು ಇಳಿಸಿ ಖಾಲಿ ವಾಪಸ್ ಹೋಗೋ ಲಾರಿಗೆ ಎರಡು ದಿನ ಕಾದ್ವಿ. ಡ್ರೈವರ್‌ಗೆ ಊಟ, ಡೀಸೆಲ್ಲಿಗೆ ಒಂದಿಷ್ಟು ದುಡ್ಡು, ಅಷ್ಟೇ" ಅಂದರು. ಈಗಿನವರು ಆಪ್‌ನಲ್ಲಿ "ರಿಟರ್ನ್ ಲೋಡ್" ಅಂತ ಹುಡುಕುವುದು ಇದನ್ನೇ ಅಲ್ಲವೇ?

ಕೊನೆಗೆ ಫೋರ್ ನಾಟ್ ಸೆವೆನ್ ಗೊತ್ತಾಯಿತು. ಸಾಮಾನು ಹೇರಲು ನಾಲ್ವರು ಬಂದರು, ಹತ್ತಿರದ ಒಂದು ತಾಂಡಾದವರು. ಅವರಲ್ಲಿ ಹಿರಿಯನಾದವನು ಬೀರುವಿಗೆ ಹಗ್ಗ ಬಿಗಿಯುತ್ತಾ, "ದೀಪಾವಳಿ ಆದಮ್ಯಾಲೆ ನಮ್ಮನೆ ಸಾಮಾನೂ ಹಿಂಗೇ ಹೋಗೋದು ಸಾರ್, ಕಾಫಿ ತೋಟಕ್ಕೆ. ಕೆಳಗೆ ಸಾಮಾನು, ಮ್ಯಾಲೆ ನಾವು" ಅಂದ. ಅವನು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಈ ದೇಶದಲ್ಲಿ ಸರಕು ಸಾಗಣೆ ಅನ್ನುವುದನ್ನು ಒಂದು ವಿದ್ಯೆಯನ್ನಾಗಿ ಮಾಡಿದವರೇ ಅವನ ಪೂರ್ವಜರು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನಿಮಗೆ ಗೊತ್ತಿರಬಹುದು. ಸಂತ ಸೇವಾಲಾಲರು ಹುಟ್ಟಿದ ಜಾಗ, ಭಾಯಾಗಡ. 1739ರ ಫೆಬ್ರವರಿ 15 ಅವರ ಜನ್ಮದಿನ ಎಂದು ಬಂಜಾರರ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಮಾಲೆ ಧರಿಸಿದವರು ಅಲ್ಲಿಗೆ ಬರುತ್ತಾರೆ. ಲಂಬಾಣಿ ಅನ್ನುವ ಹೆಸರೇ ಲವಣದಿಂದ, ಅಂದರೆ ಉಪ್ಪು ಹೊತ್ತು ಮಾರಿದ್ದರಿಂದ ಬಂತು ಎನ್ನುವ ಒಂದು ವಿವರಣೆಯೂ ಇದೆ. ಉಪ್ಪು, ದವಸ, ಇವೆರಡನ್ನೂ ಹೇರೆತ್ತುಗಳ ಬೆನ್ನ ಮೇಲೆ ನೂರಾರು ಹರಿದಾರಿ ಸಾಗಿಸಿದ ಜನ.

1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಭಾರತದಲ್ಲಿ ಒಂದು ತಾಂಡಾವನ್ನು ದಾರಿಯಲ್ಲಿ ಕಂಡು ಬರೆದಿಟ್ಟಿದ್ದಾನೆ. 14,000 ಎತ್ತುಗಳು, ಎಲ್ಲದರ ಮೇಲೂ ದವಸ! ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲವಂತೆ, ಎತ್ತು ಮೇಯಬೇಕಲ್ಲ. ಹೆಂಡತಿ ಮಕ್ಕಳು, ಮಡಕೆ ಕುಡಿಕೆ, ಇಡೀ ಸಂಸಾರವೇ ಜೊತೆಗೆ. ನಮಗೆ ಮನೆ ಬದಲಾವಣೆ ಅಂದರೆ ಹತ್ತು ವರ್ಷಕ್ಕೊಮ್ಮೆ ಬರುವ ತಲೆನೋವು. ಅವರಿಗೆ ಅದು ಪ್ರತಿ ದಿನದ ಬದುಕು. ತಾಂಡಾ ಅನ್ನುವ ಪದ ಮೊದಲು ಊರಿಗಲ್ಲ, ಈ ನಡೆಯುವ ಗುಂಪಿಗೆ ಇದ್ದದ್ದು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಒಂದು ಹೇರೆತ್ತು ಹೊರುತ್ತಿದ್ದದ್ದು ಸುಮಾರು 120 ಕೆಜಿ ಎಂದು ಇತಿಹಾಸಕಾರರ ಅಂದಾಜು. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನದ್ದು ಸುಮಾರು ಮುಕ್ಕಾಲು ಟನ್. ಅಂದರೆ ಒಂದು ಏಸ್ ಅಂದರೆ ಆರು ಎತ್ತು. ಫೋರ್ ನಾಟ್ ಸೆವೆನ್ ಅಂದರೆ ಹತ್ತೊಂಬತ್ತು ಇಪ್ಪತ್ತು ಎತ್ತು. ಅವ್ವನ ಒರಳುಕಲ್ಲಿಗೇ ಒಂದು ಎತ್ತು ಬೇಕಾಗುತ್ತಿತ್ತೇನೋ :-)

ಯುದ್ಧಗಳೂ ಈ ಎತ್ತುಗಳ ಮೇಲೇ ನಡೆದವು. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹೆಸರು ಕೇಳಿದರೆ ಹಾಲು ಬೆಣ್ಣೆ, ಆದರೆ ಅದರ ಎತ್ತುಗಳು ಎಳೆದದ್ದು ಫಿರಂಗಿ. ಇಂಗ್ಲಿಷರಿಗೂ ಅಷ್ಟೇ, ದವಸಕ್ಕೆ ಲಂಬಾಣಿಗಳೇ ಗತಿ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ದಂಡಿಗೂ, ಮುಂದಿನ ವರ್ಷ ಆರ್ಥರ್ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋದಾಗಲೂ ಅವರ ಎತ್ತಿನ ಸಾಲೇ ಅನ್ನ ಹೊತ್ತದ್ದು.

ಧೋಂಡಿಯ ನಮ್ಮವನೇ, ಚನ್ನಗಿರಿಯಲ್ಲಿ ಹುಟ್ಟಿದವನು. ಟಿಪ್ಪುವಿನ ಸೆರೆಯಲ್ಲಿದ್ದವನು ಶ್ರೀರಂಗಪಟ್ಟಣ ಬಿದ್ದ ದಿನ ಹೊರಬಿದ್ದು, ಶಿವಮೊಗ್ಗ ಸೀಮೆಯಲ್ಲಿ ದಂಡು ಕಟ್ಟಿದ. 1800ರ ಸೆಪ್ಟೆಂಬರ್ 10ರಂದು ಕಾಳಗದಲ್ಲಿ ಸತ್ತ. ಈ ಕಥೆಯಲ್ಲಿ ನನ್ನನ್ನು ಕಾಡುವುದು ಬೇರೆಯೇ ಒಂದು ಸಂಗತಿ. ಅವನ ಸಾಮಾನು ಸರಂಜಾಮುಗಳನ್ನು ವಶಪಡಿಸಿಕೊಂಡಾಗ ಅದರ ನಡುವೆ ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕ. ಹೆಸರು ಸಲಾಬತ್ ಖಾನ್, ಧೋಂಡಿಯನ ಮಗ, ಸಾಕುಮಗ ಅನ್ನುವವರೂ ಇದ್ದಾರೆ. ಕೊಂದ ವೆಲ್ಲೆಸ್ಲಿಯೇ ಅವನನ್ನು ಕರೆದೊಯ್ದು, ಭಾರತ ಬಿಟ್ಟು ಹೋಗುವಾಗ ಅವನ ಹೆಸರಿಗೆ ಹಣವನ್ನೂ ಇಟ್ಟು ಹೋದ. ಹುಡುಗ ಮುಂದೆ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಸೋತವರ ಮನೆ ಹೇಗೆ ಬದಲಾಗುತ್ತಿತ್ತು ನೋಡಿ, ಗಂಟು ಮೂಟೆಯ ಜೊತೆಗೆ ಮಗುವೂ.

ಆಮೇಲೆ ರಸ್ತೆಗಳು ಬಂದವು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಗಾಡಿ ಹೋಗುವಂಥ ದಾರಿಗಳಾದವು. 1868ಕ್ಕೆ ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಬಂತು. ಹೇರೆತ್ತು ಹೋಗಿ ಜೋಡೆತ್ತಿನ ಗಾಡಿ. ಒಂದು ಗಾಡಿ ಐದಾರು ಹೇರೆತ್ತಿನ ಕೆಲಸ ಮಾಡುತ್ತದೆ, ಸಂಜೆ ಹೇರು ಇಳಿಸಿ ಬೆಳಿಗ್ಗೆ ಮತ್ತೆ ಹೊರಿಸುವ ರಗಳೆಯಿಲ್ಲ. 1880ರ ದಶಕದ ಕೊನೆಗೆ ಬೆಂಗಳೂರಿಂದ ಹರಿಹರದವರೆಗೆ ರೈಲು, 1899ಕ್ಕೆ ಬೀರೂರಿಂದ ಶಿವಮೊಗ್ಗಕ್ಕೂ ರೈಲು. ಲಂಬಾಣಿಗಳ ಕಸುಬಿನ ಕಥೆ ಅಲ್ಲಿಗೆ ಮುಗಿಯಿತು. ಅದೂ ಸಾಲದು ಎಂಬಂತೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹಲವು ಪ್ರಾಂತ್ಯಗಳಲ್ಲಿ ಅವರ ಗುಂಪುಗಳನ್ನೂ ಸೇರಿಸಿದರು. ನಿನ್ನೆಯವರೆಗೆ ದಂಡಿಗೆ ಅನ್ನ ಹೊತ್ತವರು ಇವತ್ತು ಹುಟ್ಟಿನಿಂದಲೇ ಕಳ್ಳರು! ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ.

ಇನ್ನೊಂದು ವಿಷಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರುಗಳಿಗೆ ಆ ರೈಲು ಮುಟ್ಟಲೇ ಇಲ್ಲ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ವ್ಯಾಪಾರದ ಪೇಟೆಯಾಗಿದ್ದ ನ್ಯಾಮತಿಯಂಥ ಊರಿಗೂ ಇಲ್ಲ. ಹಾಗಾಗಿ ನಮ್ಮಲ್ಲಿ ಗಾಡಿಯ ಕಾಲ ಬಹಳ ಉದ್ದ. ನಮ್ಮಜ್ಜ ಹಳ್ಳಿಯಿಂದ ಹೊನ್ನಾಳಿಗೆ ಬಂದು ನೆಲೆ ನಿಂತಿದ್ದು ಎರಡು ಗಾಡಿಯಲ್ಲಿ. ಒಂದರಲ್ಲಿ ಹಗೇವಿನಿಂದ ತೆಗೆದ ಜೋಳ, ಇನ್ನೊಂದರಲ್ಲಿ ಮನೆಯ ತೊಲೆ ಕಂಬ ಬಾಗಿಲು. ಹೌದು, ಆಗ ಮನೆ ಬದಲಿಸುವುದು ಅಂದರೆ ಮನೆಯನ್ನೇ ಬಿಚ್ಚಿ ಒಯ್ಯುವುದು. ಮರ ಯಾರು ಬಿಟ್ಟು ಹೋಗುತ್ತಾರೆ? ಮಣ್ಣಿನ ಗೋಡೆ, ನೆಲಕ್ಕೆ ಹೂತ ಒರಳು ಮಾತ್ರ ಹಿಂದೆ ಉಳಿಯುತ್ತಿದ್ದವು. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಶರಾವತಿಯ ಜನ ಕೂಡ ಹಂಚು, ತೊಲೆ, ಬಾಗಿಲು ಬಿಚ್ಚಿಕೊಂಡೇ ಎದ್ದರು. ಆ ಹೊತ್ತಿಗೆ ಲಾರಿ ಬಂದಿತ್ತು, ಅಷ್ಟೇ ವ್ಯತ್ಯಾಸ. ಆ ಮುಳುಗಡೆಯ ಲೋಕ ಹೇಗಿತ್ತು ಎಂದು ತಿಳಿಯಲು ನಾ. ಡಿಸೋಜರ 'ದ್ವೀಪ' ಓದಬೇಕು. 2002ರ ಕಾಸರವಳ್ಳಿ ಸಿನಿಮಾ ನೋಡಿದರೂ ಆದೀತು.

ಲಾರಿ ಅಂದೆನಲ್ಲ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜೆಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. ಆ ಒಪ್ಪಂದ 1969ಕ್ಕೆ ಮುಗಿದರೂ ನಮ್ಮ ಕಡೆ ಎಷ್ಟೋ ವರ್ಷ ಅದು "ಬೆಂಜ್ ಲಾರಿ"ಯೇ. ಭದ್ರಾ ಕಾಲುವೆ ನೀರು ಬಂದ ಮೇಲೆ ಚನ್ನಗಿರಿ, ಹೊನ್ನಾಳಿ ಕಡೆ ಭತ್ತ, ಹಿಂದೆಯೇ ಅಡಿಕೆ. ದಾವಣಗೆರೆಯ ಮಂಡಿಗಳಿಗೆ ಲಾರಿಯೋ ಲಾರಿ. ವಾಪಸ್ ಬರುವ ಖಾಲಿ ಲಾರಿಯಲ್ಲಿ ಮೇಷ್ಟ್ರುಗಳ, ಗುಮಾಸ್ತರ, ಪೊಲೀಸಿನವರ ಮನೆ ಸಾಮಾನು. 1986ರಲ್ಲಿ ಫೋರ್ ನಾಟ್ ಸೆವೆನ್ ಬಂದ ಮೇಲೆ ಸಣ್ಣ ಸಂಸಾರಕ್ಕೆ ಒಪ್ಪುವ ಗಾಡಿ ಸಿಕ್ಕಂತಾಯಿತು. ಕೇರಿಯ ಓಣಿಯೊಳಗೂ ನುಗ್ಗುತ್ತದೆ.

ನಡುವೆ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಒಂದು ಚೆಂಬೂ ಅಲುಗದೆ ನಾವೆಲ್ಲ ಮನೆ ಬದಲಿಸಿದ್ದೂ ಇದೆ! 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ವಾಪಸಾಗಿ 2021ರಲ್ಲಿ ವಿಜಯನಗರಕ್ಕೆ ಸೇರಿತು, ಪಾಪ, ಅವರದ್ದು ನಮ್ಮಪ್ಪನಂತೆ ವರ್ಗದ ನೌಕರಿ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಅಲ್ಲಿನವರಿಗೆ ಶಿವಮೊಗ್ಗ ಹತ್ತಿರ, ಆದರೆ ಕಾಗದ ಪತ್ರಕ್ಕೆ ದಾವಣಗೆರೆ.

ಈಗ ಮತ್ತೆ ಆ ಹಗ್ಗ ಬಿಗಿಯುತ್ತಿದ್ದವನ ಮಾತಿಗೆ. ಜಗಳೂರಿನ ಮಳೆ ಕೈಕೊಟ್ಟ ವರ್ಷ, ನ್ಯಾಮತಿ, ಹೊನ್ನಾಳಿಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ, ಗುಳೆ ಹೊರಡುವ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು, ಎಲ್ಲಾ ಒಂದೇ ಪಿಕಪ್‌ನಲ್ಲಿ. ನಾನು ಮನೆ ಸಾಗಿಸಲು ಕಾನೂನು ಓದಿದ್ದು ಇಲ್ಲಿ ಚುಚ್ಚಿತು. 2007ರ ರಸ್ತೆ ಸಾಗಣೆ ಕಾಯ್ದೆ, ಅದರ 2011ರ ನಿಯಮಗಳ ಪ್ರಕಾರ, ಬೆಲೆ ಮೊದಲೇ ಬರೆಸಿ ಹೆಚ್ಚಿನ ದರ ಕಟ್ಟದಿದ್ದರೆ ನನ್ನ ಬೀರು, ಟಿವಿ ಹಾಳಾದಾಗ ಸಾಗಣೆದಾರ ಕೊಡಬೇಕಾದ್ದು ಬಾಡಿಗೆಯ ಹತ್ತು ಪಟ್ಟಿನವರೆಗೆ. ನಷ್ಟವಾದರೆ 180 ದಿನದೊಳಗೆ ನೋಟಿಸ್ ಕೊಡಬೇಕು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಡ. ಸರಿ, ಇದು ಸಾಮಾನಿನ ಮಾತಾಯಿತು. ಸಾಮಾನಿನ ಮೇಲೆ ಕೂತವರ ಮಾತು? ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. 1994ರ ತಿದ್ದುಪಡಿಯ ಪ್ರಕಾರ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ರಕ್ಷಣೆ. ಗಾಡಿ ಮಗುಚಿದರೆ ಅವನ ಹೆಂಡತಿ ಮಕ್ಕಳಿಗೆ ನನ್ನ ಟಿವಿಗಿದ್ದಷ್ಟು ಭರವಸೆಯೂ ಇಲ್ಲ.

ಅವನಿಗೆ ಇದನ್ನು ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹೆಂಗಸ್ರಿಗೆ ಬಸ್ ಫ್ರೀ ಐತಿ ಸಾರ್ ಈಗ. ಆದ್ರೂ ಕೋಳಿ, ಒಲೆ, ಜ್ವಾಳದ ಚೀಲ ಹೊತ್ಕಂಡು ಬಸ್ ಹತ್ತಾಕಾಗುತ್ತಾ? ಕಂಡಕ್ಟ್ರು ಬಿಡ್ತಾನಾ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಮಕ್ಕಳನ್ನಾದರೂ ಅವರಮ್ಮನ ಜೊತೆ ಬಸ್ಸಿಗೆ ಹತ್ತಿಸು ಅಂದೆ. "ನೋಡಾನ" ಅಂದ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಅವನಿಗೂ ಗೊತ್ತಿತ್ತು. "ನಮ್ದು ಇನ್ನೂ ಬಂದಿಲ್ಲ" ಅಂದ.

ದಾವಣಗೆರೆಯಲ್ಲಿ ಸಾಮಾನು ಇಳಿಸುವ ಹೊತ್ತಿಗೆ ಸಂಜೆ ಐದು. ಅವ್ವ ಮೊದಲು ಉಪ್ಪು, ತುಂಬಿದ ಕೊಡ, ದೇವರ ಪಟ ಒಳಗೆ ಒಯ್ದು ಹಾಲು ಉಕ್ಕಿಸಿದರು. ಒರಳುಕಲ್ಲು ಎರಡನೇ ಮಹಡಿಗೆ ಏರಲಿಲ್ಲ, ಈಗ ಗೇಟಿನ ಪಕ್ಕ ಕೂತಿದೆ. ಎಲ್ಲರೂ ಟೀ ಕುಡಿದ ಮೇಲೆ ಅವನು ಖಾಲಿ ರಟ್ಟಿನ ಡಬ್ಬಗಳನ್ನು ತೋರಿಸಿ, "ಇವು ಬ್ಯಾಡಾದ್ರೆ ನಮಗೆ ಕೊಡ್ರಿ ಸಾರ್, ತೋಟಕ್ಕೆ ಹೋಗಾವಾಗ ಪಾತ್ರೆ ತುಂಬಾಕೆ ಬರ್ತಾವೆ" ಅಂದ. ಒಟ್ಟು ಇಪ್ಪತ್ತಮೂರು ಡಬ್ಬ, ಜೊತೆಗೆ ಹಗ್ಗವನ್ನೂ ಕೊಟ್ಟೆ. ಗಾಡಿ ಖಾಲಿ ವಾಪಸ್ ಹೋಗಲಿಲ್ಲ ಅಂತ ಅಪ್ಪನಿಗೆ ಖುಷಿ.