ಮುಖಗವಸು: ಹಾಕುವುದು ಯಾವಾಗ, ತೆಗೆಯುವುದು ಯಾವಾಗ?

ನವೆಂಬರ್ 1 ಎಂದರೆ ನಮ್ಮ ಗಡಿನಾಡಿನವರಿಗೆ ಎರಡು ಮನಸ್ಸಿನ ದಿನ. ಗಡಿಯಾಚೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. 2021ರಲ್ಲಿ ಆ ತಾರೀಕಿಗೆ ಇನ್ನೊಂದು ನೆನಪು ಅಂಟಿಕೊಂಡಿತು. ಕೊರೋನಾದಿಂದಾಗಿ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಚಿಕ್ಕ ಮಕ್ಕಳಿಗೆ ಮತ್ತೆ ತೆರೆದದ್ದು ಅಂದೇ. ಒಂದನೇ ತರಗತಿಯವರು ಮಾತ್ರವಲ್ಲ, ಎರಡನೇ ತರಗತಿಯವರೂ ತಮ್ಮ ಶಾಲೆಯನ್ನು ಮೊದಲ ಸಲ ನೋಡುತ್ತಿದ್ದರು. ನಾವು ಅವರ ಮುಖ ನೋಡಲಿಲ್ಲ, ಕಣ್ಣು ಮಾತ್ರ ನೋಡಿದೆವು. ಎಲ್ಲರ ಮೂಗು ಬಾಯಿಗೂ ಮಾಸ್ಕ್!

ಕನ್ನಡ ಮಾಧ್ಯಮ ಎನ್ನುತ್ತೇವೆ, ಆದರೆ ನಮ್ಮ ಒಂದನೇ ತರಗತಿಗೆ ಬರುವವರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಕಡಿಮೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಹೀಗೆ ಒಂದೊಂದು ಬೆಂಚಿನಲ್ಲಿ ಒಂದೊಂದು ಭಾಷೆ. ಅವರಿಗೆ ಕನ್ನಡದ ಮೊದಲ ಪುಸ್ತಕ ಅಧ್ಯಾಪಕರ ಬಾಯಿ. ‘ಪ’ ಮತ್ತು ‘ಫ’ಕ್ಕೆ ತುಟಿ ಹೇಗೆ ಬಿಡುತ್ತದೆ, ‘ಳ’ಕ್ಕೆ ನಾಲಿಗೆ ಎಲ್ಲಿ ಮಡಚುತ್ತದೆ ಎಂಬುದನ್ನು ಬಾಯಿ ತೆರೆದೇ ತೋರಿಸಬೇಕು. ಮಾಸ್ಕಿನೊಳಗಿಂದ ‘ಹಳ್ಳಿ’ ಎಂದರೆ ಮಗು ‘ಅಲ್ಲಿ’ ಎಂದು ತಿರುಗಿ ಹೇಳುತ್ತಿತ್ತು. ತಪ್ಪು ಮಗುವಿನದಲ್ಲ.

ಹಾಗಾದರೆ ಮಾಸ್ಕ್ ಬೇಡವಾಗಿತ್ತೇ? ನಾವು ಹಾಗೆ ಹೇಳುವವರಲ್ಲ. ಶಾಲೆಯಲ್ಲಿ ಅದನ್ನು ಯಾವಾಗ ಕಡ್ಡಾಯ ಮಾಡಬೇಕು, ಯಾರಿಗೆ ಮಾಡಬೇಕು, ಯಾವಾಗ ಬಿಡಬೇಕು ಎಂಬ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆಯೂ ಜನ ಎದುರಿಸಿದ್ದರು. ಅವರು ಮಾಡಿದ್ದನ್ನು ಸ್ವಲ್ಪ ನೋಡೋಣ.

1918ರ ಇನ್‌ಫ್ಲುಯೆಂಝಾ ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದ ಮಾರಿ. ಅಮೆರಿಕದ ಹೆಚ್ಚಿನ ಊರುಗಳು ಆಗ ಶಾಲೆ ಮುಚ್ಚಿದವು. ನ್ಯೂಯಾರ್ಕ್ ಮಾತ್ರ ಮುಚ್ಚಲಿಲ್ಲ (ಶಿಕಾಗೋ ಕೂಡ). ಅಲ್ಲಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್, ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಜೋಸೆಫೀನ್ ಬೇಕರ್ ಇಬ್ಬರ ವಾದವೂ ಸರಳ. ಊರಿನ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಲ್ಲಿ ಮುಕ್ಕಾಲು ಪಾಲು ಗಾಳಿ ಬೆಳಕಿಲ್ಲದ ಇಕ್ಕಟ್ಟು ಮನೆಗಳಲ್ಲಿದ್ದರು. ಮನೆಗಿಂತ ಶಾಲೆಯೇ ಚೊಕ್ಕ, ಅಲ್ಲಿ ದಿನವೂ ಬೆಳಿಗ್ಗೆ ಪರೀಕ್ಷಿಸಬಹುದು, ಸೀನು ಕೆಮ್ಮು ಇದ್ದವರನ್ನು ಕೂಡಲೇ ಬೇರ್ಪಡಿಸಬಹುದು. ಅವರು ನೆಚ್ಚಿದ್ದು ಮಾಸ್ಕನ್ನಲ್ಲ, ಅಧ್ಯಾಪಕರ ಮತ್ತು ನರ್ಸುಗಳ ಕಣ್ಣನ್ನು.

ಸ್ಯಾನ್ ಫ್ರಾನ್ಸಿಸ್ಕೋ ಹಿಡಿದದ್ದು ಬೇರೆ ದಾರಿ. 1918ರ ಅಕ್ಟೋಬರಿನಲ್ಲಿ ಶಾಲೆಗಳನ್ನು ಮುಚ್ಚಿ, ಅದೇ ತಿಂಗಳ ಕೊನೆಯಲ್ಲಿ ಇಡೀ ಊರಿಗೆ ಬಲೆಬಟ್ಟೆಯ ಮಾಸ್ಕ್ ಕಡ್ಡಾಯ ಮಾಡಿದರು. ಹಾಕದಿದ್ದರೆ ದಂಡ ಇಲ್ಲವೇ ಜೈಲು. ನವೆಂಬರ್ 21ರ ಮಧ್ಯಾಹ್ನ 12 ಗಂಟೆಗೆ ಸೈರನ್ ಊದಿ ‘ಇನ್ನು ತೆಗೆಯಿರಿ’ ಎಂದರು. ಬೀದಿಯೆಲ್ಲ ಮಾಸ್ಕುಗಳು ಬಿದ್ದವು. ನಾಲ್ಕು ದಿನ ಬಿಟ್ಟು ಶಾಲೆ ತೆರೆದಾಗ ಮಕ್ಕಳ ಮುಖದಲ್ಲಿ ಮಾಸ್ಕ್ ಇರಲಿಲ್ಲ! ಬೀದಿಯಲ್ಲಿ ಹಾಕಿಸಿದ್ದನ್ನು ಮಕ್ಕಳು ಒಂದೇ ಕೋಣೆಯಲ್ಲಿ ಸೇರುವ ಹೊತ್ತಿಗೆ ತೆಗೆಸಿದ್ದರು. ರೋಗ ಮತ್ತೆ ಏರಿತು. 1919ರ ಜನವರಿ 17ಕ್ಕೆ ಮತ್ತೆ ಕಡ್ಡಾಯ, ಅದನ್ನು ವಿರೋಧಿಸಲು ಒಂದು ಸಂಘವೇ ಹುಟ್ಟಿತು, ಫೆಬ್ರವರಿ 1ಕ್ಕೆ ಮತ್ತೆ ರದ್ದು. ಕ್ಯಾಲಿಫೋರ್ನಿಯಾದ ಆರೋಗ್ಯಾಧಿಕಾರಿ ಕೆಲಾಗ್ ಬಲೆಬಟ್ಟೆಯ ಮೇಲೆ ಪ್ರಯೋಗ ನಡೆಸಿ, ಕಡ್ಡಾಯಕ್ಕೆ ತಕ್ಕ ಫಲ ಕಾಣಲಿಲ್ಲವೆಂದು 1920ರಲ್ಲಿ ಬರೆದರು. ಬಟ್ಟೆ ತೆಳು, ಸಾಲದ್ದಕ್ಕೆ ಜನ ಬೀದಿಯಲ್ಲಿ ಹಾಕಿ ಒಳಗೆ ಹೋದೊಡನೆ ತೆಗೆಯುತ್ತಿದ್ದರು.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮೇ ಕೊನೆಯಲ್ಲಿ ಕೇರಳದಲ್ಲಿ ಉಳಿದಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು ನಡೆದವು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಯೇ ಬರೆದರು. ಅದು ಸರಿಯಾದ ನಿರ್ಧಾರ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಲಸಿಕೆ ಇರಲಿಲ್ಲ, ಬೇರೆ ಬೇರೆ ಊರಿಂದ ಬಂದವರು ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕೂರಬೇಕಿತ್ತು, ಮಕ್ಕಳು ದೊಡ್ಡವರು. ಮುಖ್ಯವಾಗಿ, ಪರೀಕ್ಷೆಯಲ್ಲಿ ಯಾರೂ ಮಾತಾಡುವುದಿಲ್ಲ. ಮಾಸ್ಕಿನಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ, ಸ್ವಲ್ಪ ಸೆಕೆ ಬಿಟ್ಟರೆ.

ಒಂದನೇ ತರಗತಿಯ ಲೆಕ್ಕ ಬೇರೆ. 2020ರ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಕೊಟ್ಟ ಸಲಹೆಯಲ್ಲೇ ಈ ಭೇದ ಇತ್ತು. ಐದು ವರ್ಷದ ವರೆಗಿನವರಿಗೆ ಬೇಡ, 12 ದಾಟಿದವರಿಗೆ ದೊಡ್ಡವರಂತೆ, ನಡುವಿನ 6ರಿಂದ 11ರವರಿಗೆ ಊರಿನಲ್ಲಿ ರೋಗ ಎಷ್ಟಿದೆ, ಮನೆಯಲ್ಲಿ ವೃದ್ಧರಿದ್ದಾರೆಯೇ, ಕಲಿಕೆಗೆ ಏನಾಗುತ್ತದೆ ಎಂದು ನೋಡಿ ತೀರ್ಮಾನಿಸಿ ಎಂದಿದ್ದರು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನ ಸರ್ಜಿಕಲ್ ಮಾಸ್ಕಿನಿಂದ ಸ್ವಲ್ಪ ಪ್ರಯೋಜನ ಕಂಡಿತು, ಬಟ್ಟೆಯದರಿಂದ ಖಚಿತವಾಗಿ ಕಾಣಲಿಲ್ಲ. ಆದರೆ ಅದು ದೊಡ್ಡವರ ಮೇಲೆ ನಡೆದದ್ದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಾಕಿದ್ದು ಅಮ್ಮ ಹೊಲಿದ ಬಟ್ಟೆಯದು. ಜೂನಿನ ಮಳೆಯಲ್ಲಿ ಅದು ಒದ್ದೆಯಾಗಿ ಮೂಗಿಗೆ ಅಂಟಿಕೊಳ್ಳುತ್ತಿತ್ತು!

ನಮ್ಮ ಕೈಗೆ ಬಂದ ಆದೇಶದಲ್ಲಿ ಒಂದರಿಂದ ಹನ್ನೆರಡರ ವರೆಗೆ ಒಂದೇ ಮಾತು. ಅದೂ ಮಲಯಾಳದಲ್ಲಿ, ಹೆತ್ತವರಿಗೆ ನಾವೇ ಕನ್ನಡ ಮಾಡಿ ಹೇಳಿದೆವು. ಯಾವ ಮಟ್ಟಕ್ಕೆ ರೋಗ ಇಳಿದರೆ ತೆಗೆಯಬಹುದು ಎಂದು ಒಬ್ಬ ತಾಯಿ ಕೇಳಿದರು. ಅದಕ್ಕೆ ಉತ್ತರ ಕಾಗದದಲ್ಲಿ ಇರಲಿಲ್ಲ. ಹಾಕುವ ತಾರೀಕು ಬರೆದವರು ತೆಗೆಯುವ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಬೇಕಿತ್ತು. ಮೇಲಿನ ತರಗತಿಗೆ ಒಂದು, ಅಕ್ಷರ ಕಲಿಯುವವರಿಗೆ ಇನ್ನೊಂದು ಎಂದು ಬೇರ್ಪಡಿಸಿದ್ದರೆ ಆದೇಶಕ್ಕೆ ಬೆಲೆ ಇನ್ನೂ ಹೆಚ್ಚುತ್ತಿತ್ತು.

ನಾವು ಕೊನೆಗೆ ಮಾಡಿದ್ದಿಷ್ಟೇ. ಅಕ್ಷರ ಹೇಳಿಕೊಡುವ ಅರ್ಧ ಗಂಟೆ ಮಕ್ಕಳನ್ನು ಅಂಗಳದ ಮಾವಿನ ಮರದಡಿ ದೂರ ದೂರ ಕೂರಿಸಿ, ನಾವು ಇನ್ನಷ್ಟು ದೂರ ನಿಂತು ನಮ್ಮ ಮಾಸ್ಕ್ ಕೆಳಗಿಳಿಸಿದೆವು. ಮೊದಲ ದಿನ ಯಾರೂ ಅಕ್ಷರ ಹೇಳಲಿಲ್ಲ. ಎಲ್ಲರೂ ನಮ್ಮ ಮುಖವನ್ನೇ ನೋಡುತ್ತ ಕೂತರು. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: “ಮಾಷ್ಟ್ರೇ, ನಿಮಗೆ ಮೀಸೆ ಉಂಟಾ?”