ಜಿನಧರ್ಮ ಮತ್ತು ಸಂಗೀತ-ನೃತ್ಯ ಪರಂಪರೆ

ವೀತರಾಗನ ಸನ್ನಿಧಿಯಲ್ಲಿ ರಾಗಕ್ಕೇನು ಕೆಲಸ ಎಂಬ ಪ್ರಶ್ನೆ ಹೊಸತಲ್ಲ. ಸಕಲ ಸಂಗಪರಿತ್ಯಾಗವನ್ನು ಬೋಧಿಸಿದ ಜಿನಧರ್ಮದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಎಡೆಯೆಲ್ಲಿ ಎಂದು ಸಂಶಯಪಡುವವರು ಇಂದಿಗೂ ಉಂಟು. ಪಂಚಕಲ್ಯಾಣ ಪ್ರತಿಷ್ಠಾವಿಧಿಯನ್ನು ಕಂಡವರಿಗೆ ಮಾತ್ರ ಇದರ ಉತ್ತರ ಕಣ್ಣೆದುರಿಗೇ ಇದೆ. ಜನ್ಮಕಲ್ಯಾಣದಲ್ಲಿ ಇಂದ್ರನ ಆನಂದನೃತ್ಯ, ಕೇವಲಜ್ಞಾನ ಕಲ್ಯಾಣದಲ್ಲಿ ಸಮವಸರಣದ ದೇವದುಂದುಭಿ. ಇನ್ನು ಆದಿನಾಥನ ದೀಕ್ಷಾಕಲ್ಯಾಣಕ್ಕೆ ನಿಮಿತ್ತವಾದುದೇ ಒಂದು ನೃತ್ಯ.

ಆಯುಷ್ಯವು ಮುಗಿಯುತ್ತ ಬಂದಿದ್ದ ನೀಲಾಂಜನೆಯನ್ನು ಇಂದ್ರನು ವೃಷಭದೇವನ ಸಭೆಯಲ್ಲಿ ನರ್ತಿಸಲು ನಿಯೋಜಿಸಿದನು. ನರ್ತಿಸುತ್ತಿದ್ದಂತೆಯೇ ಆಕೆ ಅದೃಶ್ಯಳಾದಳು. ರಸಭಂಗವಾಗದಂತೆ ಇಂದ್ರನು ಆ ಕ್ಷಣದಲ್ಲಿಯೇ ಅವಳಂಥ ಮತ್ತೊಂದು ರೂಪವನ್ನು ನಿರ್ಮಿಸಿದನು. ಸಭೆಯು ಆ ಭೇದವನ್ನು ಅರಿಯದೆ ನೋಡುತ್ತಲೇ ಇತ್ತು. ವೃಷಭದೇವನು ಅರಿತನು, ವಿರಕ್ತನಾದನು. ಕಲೆಯು ಬಂಧನವೂ ಆಗಬಹುದು, ಬಿಡುಗಡೆಯ ಬಾಗಿಲೂ ಆಗಬಹುದು. ಎಲ್ಲವೂ ನೋಡುವ ಕಣ್ಣನ್ನು ಅವಲಂಬಿಸಿದೆ ಎಂಬುದೇ ಈ ಪ್ರಸಂಗದ ಸಾರ.

ಈ ಕಥೆಗೂ ಹಾವೇರಿ ಸೀಮೆಗೂ ನಿಕಟವಾದ ಸಂಬಂಧವಿದೆ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಕ್ರಿ.ಶ. 898ರಲ್ಲಿ ಆ ಗ್ರಂಥಕ್ಕೆ ಪೂಜೆ ಸಂದುದು ಬಂಕಾಪುರದಲ್ಲಿ. ಮುಂದೆ ಪಂಪನು 941ರ ಸುಮಾರಿಗೆ ಇದೇ ಕಥೆಯನ್ನು ಕನ್ನಡದ ಆದಿಪುರಾಣದಲ್ಲಿ ಹಾಡಿದನು. ಅವನು ಮೆಚ್ಚಿಕೊಂಡ ಪುಲಿಗೆರೆಯ ತಿರುಳ್ಗನ್ನಡವಾದರೂ ನೆರೆಯ ಲಕ್ಷ್ಮೇಶ್ವರದ ನುಡಿಯೇ.

ರಾಜಮನೆತನಗಳಲ್ಲಿಯೂ ಕಲೆ ಮತ್ತು ಧರ್ಮಗಳು ಜೊತೆಯಾಗಿ ಬಾಳಿದವು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ನೃತ್ಯ-ಗೀತ ಕೌಶಲವನ್ನು ಶಾಸನಗಳು ಕೊಂಡಾಡುತ್ತವೆ. ತಂದೆ ಶೈವ, ತಾಯಿ ಜಿನಭಕ್ತೆ. ಅಂಥ ಮನೆಯಲ್ಲಿ ಬೆಳೆದ ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಹದಿಮೂರನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಪಾರ್ಶ್ವದೇವನು 'ಸಂಗೀತಸಮಯಸಾರ'ವೆಂಬ ಸಂಸ್ಕೃತ ಗ್ರಂಥದಲ್ಲಿ ದೇಶೀ ಸಂಗೀತ-ನೃತ್ಯಗಳಿಗೆ ಶಾಸ್ತ್ರದ ಮನ್ನಣೆಯನ್ನು ತಂದುಕೊಟ್ಟನು. ಜನಪದರ ಕುಣಿತವೂ ಶಾಸ್ತ್ರಕ್ಕೆ ವಿಷಯವಾದುದು ಸಾಮಾನ್ಯ ಸಂಗತಿಯಲ್ಲ.

ಇದಕ್ಕಿಂತಲೂ ಹಿರಿದಾದ ಪರಿವರ್ತನೆಯನ್ನು ತಂದುದು ಸಾಂಗತ್ಯ. ಚಂಪೂಕಾವ್ಯವು ಪಂಡಿತರ ಸೊತ್ತಾಗಿದ್ದಿತು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ಹಾಡುಗಬ್ಬವಾಗಿ 'ಭರತೇಶವೈಭವ'ವನ್ನು ರಚಿಸಿದಾಗ, ಓದು ಬಾರದವರೂ ಕಿವಿಯ ಮೂಲಕ ಪುರಾಣವನ್ನು ತಮ್ಮದಾಗಿಸಿಕೊಳ್ಳುವುದು ಸಾಧ್ಯವಾಯಿತು. ಸಂಗೀತ-ನೃತ್ಯಗಳನ್ನು ಸವಿಯುತ್ತಲೇ ಆತ್ಮಧ್ಯಾನದಲ್ಲಿ ನೆಲೆಸಿದ ಭರತ ಚಕ್ರವರ್ತಿಯ ಚಿತ್ರವು ಗೃಹಸ್ಥ ಶ್ರಾವಕನಿಗೆ ಆದರ್ಶವಾಯಿತು.

ಹಾಡು ಸಮಾಜವನ್ನು ನಡೆಸಬಲ್ಲುದೆಂಬುದಕ್ಕೆ ಸಮೀಪಕಾಲದ ನಿದರ್ಶನವನ್ನು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರೇ ಒದಗಿಸುತ್ತದೆ. 1911ರಲ್ಲಿ ಅಲ್ಲಿ ಜನಿಸಿದ ಮೈಲಾರ ಮಹಾದೇವಪ್ಪನವರು ಜೈನ ಮನೆತನದವರಲ್ಲ. ಆದರೆ ಅವರು ಕೈಕೊಂಡ ವ್ರತ ಅಹಿಂಸೆ. ಅವರು ಅನುಸರಿಸಿದ ಗಾಂಧೀಜಿಯವರ ಮೇಲೆ ಜೈನ ತತ್ತ್ವಜ್ಞ ಶ್ರೀಮದ್ ರಾಜಚಂದ್ರರ ಪ್ರಭಾವ ಗಾಢವಾಗಿದ್ದಿತು. 1930ರ ದಂಡೀಯಾತ್ರೆಯಲ್ಲಿ ನಡೆದ ಈ ಹದಿನೆಂಟರ ತರುಣನ ಸಹಯಾತ್ರಿಗಳಲ್ಲಿ ಸಾಬರಮತಿ ಆಶ್ರಮದ ಸಂಗೀತಗುರು ಪಂಡಿತ ನಾರಾಯಣ ಮೋರೇಶ್ವರ ಖರೆಯವರೂ ಇದ್ದರು. ಆಶ್ರಮದ ಭಜನಾವಳಿಯನ್ನು ಸಂಕಲಿಸಿದವರು ಅವರೇ. ಭಿನ್ನ ಪ್ರಾಂತ, ಭಿನ್ನ ಭಾಷೆಗಳ ಜನರನ್ನು ದಾರಿಯುದ್ದಕ್ಕೂ ಒಂದಾಗಿ ನಿಲ್ಲಿಸಿದುದು ಬೆಳಗು-ಬೈಗಿನ ಸಾಮೂಹಿಕ ಪ್ರಾರ್ಥನೆ. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು.

ಇಂದು ಅನೇಕ ಉತ್ಸವಗಳಲ್ಲಿ ಧ್ವನಿವರ್ಧಕವೇ ಹಾಡುತ್ತದೆ. ಚಲನಚಿತ್ರದ ಧಾಟಿಗೆ ಹೊಂದಿಸಿದ ಸ್ತುತಿಗಳು ಮೊಳಗುತ್ತಿರಲು, ಅಜ್ಜಿಯರಿಂದ ಮೊಮ್ಮಕ್ಕಳಿಗೆ ಇಳಿದು ಬಂದ ಆರತಿಯ ಹಾಡುಗಳು ಮೂಲೆಗೆ ಸರಿಯುತ್ತಿವೆ. ನೀಲಾಂಜನೆ ಮರೆಯಾಗಿ ಅವಳ ಪ್ರತಿರೂಪವು ನರ್ತಿಸುತ್ತಿದ್ದುದನ್ನು ಆ ಸಭೆ ಅರಿಯಲಿಲ್ಲ. ಹಾಡುವ ಕಂಠ ಮರೆಯಾಗಿ ಯಂತ್ರದ ಧ್ವನಿಯು ಉಳಿದುದನ್ನು ಇಂದಿನ ಸಭೆಯೂ ಅರಿಯದೆ ಇರಬಾರದು.

ಬಸದಿಯ ಕಟ್ಟಡವನ್ನು ಶಿಲ್ಪಿಯು ನಿರ್ಮಿಸಬಲ್ಲನು. ಅದರ ನಾದವನ್ನು ಶ್ರಾವಕ-ಶ್ರಾವಿಕೆಯರೇ ತುಂಬಬೇಕು. ಪ್ರತಿಷ್ಠೆಯ ಸಂಭ್ರಮ ಮುಗಿದ ಮರುದಿನವೂ ನಿತ್ಯಪೂಜೆಯ ವೇಳೆಯಲ್ಲಿ ಹಿರಿಯರು ಹಾಡಲಿ, ಕಿರಿಯರು ದನಿಗೂಡಿಸಲಿ. ಆಗಲೇ ಮಂಗಳಪ್ರತಿಷ್ಠೆಯು ಸಾರ್ಥಕವಾದೀತು.